ಕೆಂಪಿಗೆ ಬೇಕಾದ ನೀರು

ಏಪ್ರಿಲ್ ೬, ರವಿವಾರ. ಬೆಳಿಗ್ಗೆ ಏಳು

"ಈ ಓಣಿಯ ಹಿರಿಯರಿಗೆ, ತಾಯಂದಿರಿಗೆ, ನನ್ನ ಮಕ್ಕಳಿಗೆ ಶರಣು. ಬಾವಿ ತೋಡಿದವರು, ಕೆರೆಯ ಏರಿ ಕಟ್ಟಿದವರು, ಕೊಡ ಹೊತ್ತು ನಮ್ಮನ್ನು ಸಾಕಿದವರು — ಅವರನ್ನೆಲ್ಲ ನೆನೆದು, ಈ ಅಂಗಳ ಬಿಟ್ಟುಕೊಟ್ಟ ಹಿರಿಯರಿಗೆ ವಂದಿಸಿ, ನೀರಿನ ಬಗ್ಗೆ ನಾಲ್ಕು ಮಾತು..."

ಇಷ್ಟು ಬರೆದೆ. ಕುಕ್ಕರ್ ಮತ್ತೊಂದು ಸೀಟಿ ಹೊಡೆಯಿತು. ಎದ್ದು ಹೋಗಿ ಮುಚ್ಚಳ ತೆಗೆದೆ. ತೊಗರಿ ಬೇಳೆ ಇನ್ನೂ ಬೇಳೆಯಾಗಿಯೇ ಇದೆ. ಹಿಸುಕಿದರೆ ಒಡೆಯುತ್ತದೆ, ಕರಗುವುದಿಲ್ಲ. ಮತ್ತೆ ಒಲೆಗೆ ಇಟ್ಟೆ.

ಪಡಸಾಲೆಯಿಂದ ಇವರ ದನಿ. ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದರೂ ಅಮಾತೆಪ್ಪನವರ ಗಂಟಲು ನಿವೃತ್ತಿಯಾಗಿಲ್ಲ.

"ಏ ಸುನಂದಾ, ಆ ಬ್ಯಾಳಿಗೂ ಒಂದು ಭಾಷಣಾ ಮಾಡು. ಕೇಳಿ ಕೇಳಿ ಮೆತ್ತಗ ಆಗ್ತಾವ."

"ಲಗ್ನ ಆದಾಗಿಂದ ನಿಮಗ ಮಾಡಾಕತ್ತೇನಿ. ನೀವು ಆಗೀರೇನ್ರಿ ಮೆತ್ತಗ?"

ಮೊದಲು ಓಣಿಯ ನಳಕ್ಕೆ ಕೆರೆಯ ನೀರೂ ಬೆರೆಯುತ್ತಿತ್ತು, ಶಿವರಾತ್ರಿ ಕಳೆದಾಗಿನಿಂದ ಬರೀ ಕೊಳವೆಬಾವಿಯ ನೀರು. ನೆಲದಾಳದ ಸುಣ್ಣವನ್ನು ಕರಗಿಸಿಕೊಂಡು ಬರುವ ನೀರು. ಕಣ್ಣಿಗೆ ತಿಳಿ, ಬಾಯಿಗೆ ಸಪ್ಪೆ ಸವಳು. ಗೀಸರಿನ ಕಾಯಿಲ್‌ಗೆ ಬಿಳಿ ಹೊರಪೊರೆ ಕಟ್ಟಿದೆ. ಚಹಾದ ಮೇಲೆ ಎಣ್ಣೆಯಂಥ ಪದರ. ಇವರ ಬಿಳಿ ಧೋತರ ಬೂದಿಯಾಗಿದೆ. ತಲೆಗೆ ಹಾಕಿದ ಶಾಂಪೂ ನೊರೆ ಕೊಡದೆ ಜಿಗುಟಾಗಿ ಕೂರುತ್ತದೆ.

ಬೈಯುವುದರಿಂದ ನೀರು ಮೆದುವಾಗುವುದಿಲ್ಲ. ಕಲಿಯಬೇಕು. ಕಲಿಸಬೇಕು. ಸಾಲೆಯಲ್ಲಿ ವಿಜ್ಞಾನ ಕಲಿಸುವುದು ಬಿಟ್ಟ ಮೇಲೂ ಈ ಚಟ ಹೋಗಿಲ್ಲ.

ಅದೇ ದಿನ, ಸಂಜೆ

ಅಂಗಳದಲ್ಲಿ ಓಣಿಯವರೆಲ್ಲ ಸೇರಿದ್ದರು, ಭಾಷಣ ಓದಲೇ ಇಲ್ಲ. ಮೊದಲ ಸಾಲು ಹೇಳಿದೆ, ಆಮೇಲೆ ಎರಡು ಬಾಟಲಿ ಹಿಡಿದು ನಿಂತೆ. ಒಂದರಲ್ಲಿ ಕಳೆದ ವರ್ಷ ಹಿಡಿದಿಟ್ಟ ಮಳೆನೀರು, ಇನ್ನೊಂದರಲ್ಲಿ ನಳದ್ದು. ಎರಡಕ್ಕೂ ಒಂದೇ ಸಾಬೂನಿನ ನೀರು ಹಾಕಿ ಗೌತಮನ ಕೈಗೆ ಕೊಟ್ಟೆ. ನನ್ನ ಹಳೆಯ ವಿದ್ಯಾರ್ಥಿ, ಐಟಿಐ ಮುಗಿಸಿ ಈಗ ನಳ ಜೋಡಿಸುವ ಕೆಲಸ. ಅಲುಗಾಡಿಸಿದ. ಮಳೆನೀರಿನ ಬಾಟಲಿ ಕತ್ತಿನವರೆಗೂ ನೊರೆ. ನಳದ್ದು ಒಡೆದ ಹಾಲಿನಂತೆ ಚೂರುಚೂರು.

ಮುಂದಿನ ಸಾಲಿನಲ್ಲಿ ಕೂತಿದ್ದ ಗುರುಲಿಂಗವ್ವ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಸಬಕಾರದ ತಪ್ಪಲ್ಲೇನವ ಇದು? ಕಳ್ಳ ಮಾಲು ಕೊಟ್ಟಿ ಅಂತ ಅಂಗಡ್ಯಾಂವನ ಮಾರಿಗೆ ಒಗದು ಬಂದೀನಲ್ಲ!"

ಅಂಗಳವೆಲ್ಲ ನಕ್ಕಿತು.

ಎಲ್ಲರೂ ಹೋದ ಮೇಲೂ ಒಬ್ಬಳು ನಿಂತಿದ್ದಳು. ಖುಶನುಮಾ. ನೂಲಿಗೆ ಬಣ್ಣ ಹಾಕುವ ಸುಭಾನಸಾಬರ ಮಗಳು. ಹತ್ತನೆಯ ತರಗತಿಯಲ್ಲಿ ಪ್ರಯೋಗದ ಪೆಟ್ಟಿಗೆಯ ಬೀಗದ ಕೈ ಇವಳ ಬಳಿಯೇ ಇರುತ್ತಿತ್ತು. ಓಢಣಿಯ ಕೆಳಗಿಂದ ನೂಲಿನ ಒಂದು ಲಡಿ ತೆಗೆದಳು. ಕೆಂಪು. ಆದರೆ ನಡುನಡುವೆ ಬಿಳಚು ಕಲೆ.

"ಅಕ್ಕೋರ, ನೀವು ತೋರಿಸಿದ ಆ ಒಡಕು... ಅದು ನೂಲಿಗೂ ಹತ್ತತೈತೇನ್ರಿ?"

ಆ ಕ್ಷಣ ಆದ ಸಂತೋಷವನ್ನು ಹೇಗೆ ಬರೆಯಲಿ! ನೂರು ಜನ ನಕ್ಕರು. ಒಬ್ಬಳು ಕೇಳಿದಳು.

ಏಪ್ರಿಲ್ ೮

ಸುಭಾನಸಾಬರ ಮನೆಗೆ ಹೋಗಿದ್ದೆ. ಹಿತ್ತಿಲಿನಲ್ಲಿ ತಗಡಿನ ಚಪ್ಪರ, ಕಲಾಯಿ ಹಾಕಿದ ತಾಮ್ರದ ದೊಡ್ಡ ಹಂಡೆ, ಬೊಂಬಿನ ಮೇಲೆ ಒಣಗುವ ನೂಲು. ಊರಿನ ಬೇರೆಯವರೆಲ್ಲ ಡಬ್ಬಿಯ ಬಣ್ಣಕ್ಕೆ ಹೋದರೂ ಈ ಮನೆ ಬೇರು, ಕಾಯಿ, ತೊಗಟೆಯ ಬಣ್ಣವನ್ನೂ ಉಳಿಸಿಕೊಂಡಿದೆ. ಕೆಂಪಿಗೆ ಮಂಜಿಷ್ಠದ ಬೇರು.

ವಿಷಯ ತಿಳಿಯಿತು. ಸುಭಾನಸಾಬರ ಭುಜ ಸೋತಿದೆ. ಒದ್ದೆ ನೂಲು ಎತ್ತಲಾಗುವುದಿಲ್ಲ. ನೇಕಾರ ಹುಲ್ಲಪ್ಪ ಇಳಕಲ್ ಸೀರೆಯ ಒಡಲಿಗೆಂದು ನೂಲು ಕೊಟ್ಟಿದ್ದಾನೆ. ಮೊದಲ ಕಂತು ಕಲೆ ಕಲೆಯಾಗಿ ಹಿಂದಕ್ಕೆ ಬಂತು. ಉಳಿದದ್ದಾದರೂ ಸಮನಾಗಿ ಬಂದರೆ ಚಪ್ಪರ ಖುಶನುಮಾಳ ಕೈಗೆ. ಬಾರದಿದ್ದರೆ ಹಂಡೆ ಗುಜರಿಗೆ, ಮೋಡ್ಕಾ ಅಂಗಡಿಗೆ. ಮಗಳು ಕೆರೂರಿಗೆ, ಸೋದರಮಾವನ ಮೊಬೈಲ್ ಅಂಗಡಿಯಲ್ಲಿ ಕೂರಲು.

ತಾಯಿ ಕಾಸಿಂಬಿ ಚಹಾ ತಂದಳು. "ಕೆರೂರಾಗ ನೆಳ್ಳಾಗ ಕುಂತು ಕೆಲಸ ಮಾಡಬೌದು ಅಕ್ಕೋರ. ಫ್ಯಾನ್ ಇರ್ತೈತಿ. ಈಕಿಗೆ ಹೊಗಿನ ಬೇಕಂತ."

"ಫ್ಯಾನಿನ ಕೆಳಗ ಕುಂತು ಮಂದಿ ಮೊಬೈಲಿಗೆ ಪ್ಲಾಸ್ಟಿಕ್ ಹಾಳಿ ಅಂಟಸಲೇನಮ್ಮಿ?"

"ಅಂಟಸು. ಕೈಯರ ಬೆಳ್ಳಗ ಇರ್ತಾವ."

ಖುಶನುಮಾ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಕೆಂಪು. ಅಡಗಿಸಿಕೊಳ್ಳಲಿಲ್ಲ.

ಕಲೆಯ ಕಾರಣ ನನಗೆ ಸ್ಪಷ್ಟ. ಬಣ್ಣಕ್ಕೆ ಮೊದಲು ನೂಲಿನ ಜಿಡ್ಡು ತೆಗೆಯಲು ಸಬಕಾರದಲ್ಲಿ ಕುದಿಸುತ್ತಾರೆ. ಗಡಸು ನೀರಿನಲ್ಲಿ ಸಬಕಾರ ಒಡೆದು ಎಳೆಗೆ ಅಂಟುತ್ತದೆ. ಅಂಟಿದಲ್ಲಿ ಬಣ್ಣ ಹಿಡಿಯದು. ನೀರು ಮೆದುವಾದರೆ ಕಲೆ ಹೋಗುತ್ತದೆ.

ಹಿಂದಿರುಗುವಾಗ ಹಾದಿಯುದ್ದಕ್ಕೂ ಓಡುವಂತೆ ನಡೆದೆ. ಈ ವಯಸ್ಸಿಗೆ ಶೋಭಿಸದು. ಇರಲಿ.

ಏಪ್ರಿಲ್ ೧೩, ರವಿವಾರ

ಗೌತಮ ಸಾಫ್ಟನರ್ ಕಟ್ಟಿದ! ಒಂದು ನೀಲಿ ಡ್ರಮ್ಮು, ಪಿವಿಸಿ ಪೈಪು, ಬಾಗಲಕೋಟೆಯಿಂದ ತರಿಸಿದ ರೆಸಿನ್. ಗಸಗಸೆಯಂಥ ಕಂದು ಕಾಳು. ನೀರಿನ ಸುಣ್ಣವನ್ನು ಅದು ಹಿಡಿದುಕೊಂಡು ಬದಲಿಗೆ ಉಪ್ಪಿನ ಅಂಶ ಬಿಡುತ್ತದೆ. ಕಾಳು ದಣಿದಾಗ ಉಪ್ಪುನೀರು ಹಾಯಿಸಿದರೆ ಮತ್ತೆ ಚೇತರಿಕೆ. ಮೊದಲ ಡ್ರಮ್ಮು ನಮ್ಮ ಮನೆಗೆ, ಎರಡನೆಯದು ಖುಶನುಮಾಳ ಚಪ್ಪರಕ್ಕೆ.

ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ಅಳೆಯುವ ಟಿಡಿಎಸ್ ಮೀಟರನ್ನು ಗೆಳೆಯನೊಬ್ಬನಿಂದ ತಂದು ಅದ್ದಿದ. ಮುಖ ಸಣ್ಣದಾಯಿತು. "ಅಕ್ಕೋರ, ಅಂಕಿ ಇಳೀಲೇ ಇಲ್ಲ. ಹಿಂದಿಂದೂ ಅಷ್ಟ, ಮುಂದಿಂದೂ ಅಷ್ಟ. ರೆಸಿನ್ ಕೊಟ್ಟಾಂವ ಟೋಪಿ ಹಾಕಿದ."

ನಾನು ವಿವರಿಸುವ ಮೊದಲೇ ಇವರು ಪಡಸಾಲೆಯಿಂದ — "ಲೇ ಗೌತಮ, ಸುಣ್ಣ ಅನ್ನೋ ಪ್ಯಾಸೆಂಜರ್ ಇಳದಾನ, ಉಪ್ಪು ಅನ್ನಾಂವ ಹತ್ಯಾನ. ನಿನ್ನ ಮೀಟರ್ ಬರೇ ತಲಿ ಎಣಸ್ತೈತಿ. ಬಸ್ಸು ತುಂಬೇ ಐತಿ."

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಮೀಟರ್ ಬಿಟ್ಟು ಸಬಕಾರದ ಬಾಟಲಿ ಅಲುಗಾಡಿಸಿ ನೋಡು ಎಂದೆ. ನೊರೆ ಉಕ್ಕಿ ಅವನ ಅಂಗಿಯ ಮೇಲೆಲ್ಲ ಚೆಲ್ಲಿತು.

ಬೇಳೆ ಮೂರನೆಯ ಸೀಟಿಗೆ ಬೆಣ್ಣೆ. ಧೋತರ ಬಿಳಿಯತ್ತ ತಿರುಗಿದೆ. ಕುಡಿಯಲು ಮಾತ್ರ ಈ ನೀರು ಬೇಡವೆಂದೆ — ಇವರಿಗೆ ಬಿಪಿ, ಉಪ್ಪಿನಂಶ ಏಕೆ? ಕುಡಿಯುವ ನೀರನ್ನು ಕುದಿಸಿ, ತಳಕ್ಕೆ ಬಿಳಿ ಕೂತ ಮೇಲೆ ಸೋಸುತ್ತೇನೆ. ಗೀಸರಿನ ಕಾಯಿಲನ್ನು ಲಿಂಬೆರಸದಲ್ಲಿ ನೆನೆಯಿಟ್ಟಿದ್ದೇನೆ. ಪೊರೆ ಗುಳ್ಳೆಯೆದ್ದು ಬಿಡುತ್ತಿದೆ. ಗುರುಲಿಂಗವ್ವ ಬಂದು ಕೊಡ ಹಿಡಿದು ನಿಂತಿದ್ದಳು. ಡ್ರಮ್ಮು ಕೊಳ್ಳಲು ಆಗದಿದ್ದರೆ ಬಟ್ಟೆಯ ನೀರಿಗೆ ವಾಷಿಂಗ್ ಸೋಡಾ ಒಂದು ಚಮಚ ಹಾಕಿ ತಳ ಕೂರಲು ಬಿಡು ಎಂದು ಹೇಳಿ ಕಳಿಸಿದೆ.

ಎಲ್ಲವೂ ಸಾಧ್ಯ. ಮಕ್ಕಳ ಕೈಗೆ ಸಾಧನ ಕೊಟ್ಟರೆ ಸಾಕು.

ಏಪ್ರಿಲ್ ೧೯

ಖುಶನುಮಾ ಮೆದು ನೀರಿನಲ್ಲಿ ತೊಳೆದ ನೂಲು ತೋರಿಸಿದಳು. ಎಳೆ ಎಳೆ ಬಿಡಿ, ಅಂಟಿಲ್ಲ, ಮಲ್ಲಿಗೆಯ ಮೊಗ್ಗಿನ ಹಾಗೆ. ಬಣ್ಣ ಹಿಡಿಯಲು ಅದ್ದುವ ಅಳಲೆಕಾಯಿ ನೀರು, ಪಟಿಕದ ನೀರು ಎರಡೂ ಆಗಿವೆ. ಬಣ್ಣವಷ್ಟೇ ಬಾಕಿ. ಒಂದು ವೇಳೆ ಕೆಟ್ಟರೆ ಉಳಿದಿರಲಿ ಎಂದು ನೂಲನ್ನು ಎರಡು ಪಾಲು ಮಾಡಿದ್ದಾಳೆ. ಜಾಣೆ.

"ಇನ್ನು ಮುಂದ ಎಲ್ಲಾ ಮೆದು ನೀರಾಗ. ಒಂದು ಹನಿ ನಳದ ನೀರು ಕೂಡಬಾರದು," ಎಂದೆ.

"ಬಣ್ಣಕ್ಕೂನ ಅಕ್ಕೋರ?"

"ಬಣ್ಣಕ್ಕೂ."

"ಅಬ್ಬಾ ಯಾವಾಗ್ಲೂ ಬಣ್ಣದ ಹಂಡೇಕ ನಳದ ನೀರs ಹಾಕ್ತಿದ್ದ..."

"ಬ್ಯಾರೆ ಇರಲಿಲ್ಲ, ಹಾಕ್ತಿದ್ರು. ಈಗ ಐತಲ್ಲ."

ತಲೆಯಾಡಿಸಿದಳು. ಅವಳ ನಂಬಿಕೆ ಎಷ್ಟು ತಿಳಿ!

ಏಪ್ರಿಲ್ ೨೭, ರವಿವಾರ. ಮಧ್ಯಾಹ್ನ

ಬರೆಯಲು ಮನಸ್ಸಿಲ್ಲ.

ಒಂದು ವಾರ ಅತ್ತ ಹೋಗಲಿಲ್ಲ. ಕಾಟ ಕೊಡಬಾರದು, ಅವಳಷ್ಟಕ್ಕೆ ಮಾಡಲಿ ಎಂದು. ಇಂದು ಗೌತಮ ಬಂದು ಬಾಗಿಲಲ್ಲೇ ನಿಂತ. "ಅಕ್ಕೋರ, ಬರ್ರಿ ಒಮ್ಮೆ." ಚಹಾ ಬೇಡವೆಂದ. ಗೌತಮ ಚಹಾ ಬೇಡವೆಂದರೆ ಏನೋ ಆಗಿದೆ.

ಸುಭಾನಸಾಬರ ಹಿತ್ತಿಲಿನಲ್ಲಿ ಬೊಂಬಿನ ಮೇಲೆ ನೂಲು. ಕಲೆ ಒಂದೂ ಇಲ್ಲ. ಈ ತುದಿಯಿಂದ ಆ ತುದಿಗೆ ಒಂದೇ ಸಮ. ಆದರೆ ಕೆಂಪಲ್ಲ. ಕಂದು, ಬಾಡಿದ ಕಂದು.

ಹುಲ್ಲಪ್ಪ ಬಂದಿದ್ದ. ಎಳೆಯನ್ನು ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ. "ಸಾಬರ, ಇದನ್ನ ಉಟ್ಕೊಂಡು ಮದಿಮಗಳು ಹಂದರದಾಗ ಕುಂತ್ರ, ಇಟ್ಟಂಗಿ ಭಟ್ಟಿಂದ ಎದ್ದು ಬಂದಾಳ ಅಂತಾರ. ಮೊದಲಿನ ಕಲಿ ಇದ್ದ ನೂಲರ ಕೆಂಪಿತ್ತು."

ಖುಶನುಮಾ ಹಂಡೆಯ ಪಕ್ಕ ಕೂತಿದ್ದಳು. ಎದ್ದು ಬರಲಿಲ್ಲ.

"ಬೆಂಕಿ ಹೆಚ್ಚಿಗಿ ಹಾಕ್ಯಾಳ," ಎಂದರು ಸುಭಾನಸಾಬರು. ದನಿಯಲ್ಲಿ ಸಿಟ್ಟಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ಮಂಜಿಷ್ಠ ಕುದ್ದರ ಕಂದಾಕ್ಕೈತಿ. ಬೆಂಕಿ ನೋಡೂದು ವರ್ಸಾನುಗಟ್ಲೆ ಕಲಿಯೂದು ಅಕ್ಕೋರ. ಪುಸ್ತಕದಾಗಿಂದ ಬರೂದಲ್ಲ. ಬಿಡ್ರಿ. ನಾಳಿ ಬಿಟ್ಟು ಮುಂದಿನ ಸೋಮವಾರ ಮುಜಮ್ಮಿಲಗ ಬಾ ಅಂದೀನಿ, ಹಂಡೆ ಒಯ್ಯಾಕ. ಉಳದ ನೂಲು ಹುಲ್ಲಪ್ಪ ತಿರುಗಿ ಒಯ್ಲಿ."

ಮುಜಮ್ಮಿಲ ಮೋಡ್ಕಾ ಅಂಗಡಿಯವನು.

ಖುಶನುಮಾ ಒಲೆಯ ಬೂದಿ ಕೆದಕುತ್ತಿದ್ದಳು. ನನ್ನ ಕಡೆ ನೋಡಲೂ ಇಲ್ಲ. ನಾನೇನು ಹೇಳಿದೆ? "ಮತ್ತ ನೋಡೂಣು" ಎಂದೆ. ಎಂಥ ಟೊಳ್ಳು ಮಾತು.

ಏಪ್ರಿಲ್ ೨೯

ನಿನ್ನೆ ಏನನ್ನೂ ಬರೆಯಲಿಲ್ಲ. ಮನೆಯೊಳಗೆ ಅತ್ತಿತ್ತ. ನೀರು ಹಿಡಿದೆ, ಚೆಲ್ಲಿದೆ. ಓದಲು ಕೂತೆ, ಎದ್ದೆ. "ಏನು, ಹೆಜ್ಜಿ ಟಿಕೀಟ ಹರಿಯಾಕತ್ತೀಯೇನ?" ಎಂದರು ಇವರು.

ಬೆಂಕಿ ಹೆಚ್ಚಾಯಿತೆ? ಅಂದು ಒಲೆಯ ಬಳಿ ಜೊತೆಗಿದ್ದ ಗೌತಮನನ್ನು ಕೇಳಿದೆ. "ಇಲ್ರಿ. ಆಕಿ ಥರ್ಮಾಮೀಟರ್ ಕೈಯಾಗ ಹಿಡಕೊಂಡs ಕುಂತಿದ್ಲು. ನೀರು ಒಮ್ಮೆನೂ ಕುದೀಲಿಲ್ಲ. ನಾ ಕಟಗಿ ಹಾಕೂ ಮೊದ್ಲ ಆಕೀನ್ನ ಕೇಳ್ತಿದ್ದೆ."

ಬೇರು ಹಳೆಯದೆ? ಮೊದಲ ಕಂತಿನ ಅದೇ ಚೀಲ. ಪಟಿಕ? ಅದೇ. ನೂಲು? ಅದೇ. ಹಂಡೆ? ಅದೇ.

ಹಾಗಾದರೆ ಬದಲಾದದ್ದು...

ಈ ವಾಕ್ಯ ಮುಗಿಸಲು ಪೆನ್ನು ಒಪ್ಪುತ್ತಿಲ್ಲ. ಮುಗಿಸುತ್ತೇನೆ. ಬದಲಾದದ್ದು ನೀರು. ನೀರು ಬದಲಿಸಿದ್ದು ನಾನು. ಆದರೆ ಶುದ್ಧವಾದ, ಸುಣ್ಣ ಕಳೆದ ನೀರು ಬಣ್ಣವನ್ನು ಏಕೆ ಕೆಡಿಸಬೇಕು? ಅರ್ಥವಾಗದು. ಅರ್ಥವಾಗದೆ ಹೋಗಿ ಏನು ಹೇಳಲಿ?

ಅಲ್ಲಿ ಆ ಹುಡುಗಿ ತನ್ನ ಕೈಯೇ ಕೆಟ್ಟದ್ದೆಂದು ನಂಬುತ್ತಿದ್ದಾಳೆ. ಕಾರಣ ತಿಳಿಯಲಿ, ತಿಳಿಯದಿರಲಿ, ಹೋಗಬೇಕಿತ್ತು. ಹೋಗಲಿಲ್ಲ.

ಏಪ್ರಿಲ್ ೩೦, ಬಸವ ಜಯಂತಿ. ಮಧ್ಯಾಹ್ನ ಮೂರು

ಹೋಳಿಗೆ ಊಟ. ಹೂರಣ ನುಣ್ಣಗೆ ಬಂತು. ಮೆದು ನೀರಿನ ಗುಣ. ನಾನು ಅರ್ಧ ಹೋಳಿಗೆ ತಾಟಿನಲ್ಲೇ ಬಿಟ್ಟೆ.

ಊಟದ ಮೇಲೆ ಇವರು ಎಲೆ-ಅಡಿಕೆ ತಟ್ಟೆ ಎಳೆದುಕೊಂಡರು. ಸುಣ್ಣದ ಡಬ್ಬಿ ಒಣಗಿ ಕಲ್ಲಾಗಿತ್ತು. ಎರಡು ದಿನದಿಂದ ನಾನು ನೋಡಿಲ್ಲ, ಮನೆಯ ಯಾವುದನ್ನೂ ನೋಡಿಲ್ಲ. ಗೊಣಗುತ್ತ ಹಾಗೆಯೇ ಅಗಿದರು. ಕನ್ನಡಿಯ ಮುಂದೆ ನಾಲಿಗೆ ಚಾಚಿ ಸಿಡುಕಿದರು.

"ನೋಡಿಲ್ಲಿ. ಮೇಯಿದ ದನದ ನಾಲಿಗಿ ಆಗೈತಿ. ಸುಣ್ಣ ಇಲ್ಲದ ಎಲಿ ಎಷ್ಟ ಅಗದ್ರೂ ಬಾಯಿ ಕೆಂಪಾಗ್ತೈತೇನ? ಹಬ್ಬದ ದಿನರ ಒಂದು ಚೂರು ಸುಣ್ಣ ಇಡಬಾರದ?"

ಕೈಯಲ್ಲಿದ್ದ ತಾಟು ಹಾಗೆಯೇ ನಿಂತಿತು.

"ಏನಂದ್ರಿ?"

"ಸುಣ್ಣ ಇಡಬಾರದ ಅಂದೆ. ಸಿಟ್ಟಿಲೆ ಅಲ್ಲ ಮತ್ತ..."

"ಅದಲ್ಲ. ಅದರ ಮೊದ್ಲಿಂದು."

ಸುಣ್ಣ ಇಲ್ಲದೆ ಕೆಂಪಿಲ್ಲ. ಎಲೆಯ ಹಸಿರು ಇದ್ದೇ ಇತ್ತು, ಅಡಿಕೆಯ ಕಂದೂ ಇತ್ತು. ಕೆಂಪನ್ನು ಹೊರಗೆ ಕರೆಯುವುದು ಸುಣ್ಣ. ಅಡಿಕೆಯ ರಸಾಯನ ಬೇರೆ, ಬೇರಿನ ರಸಾಯನ ಬೇರೆ. ಆದರೂ... ಮಂಜಿಷ್ಠದ ಬಣ್ಣ ಪಟಿಕದ ಜೊತೆಗೆ ಸುಣ್ಣದ ಅಂಶವನ್ನೂ ಕೈ ಹಿಡಿದೇ ಎಳೆಗೆ ಕೂರುವುದಾದರೆ? ಇಷ್ಟು ಕಾಲ ಆ ಹಂಡೆಗೆ ಸುಣ್ಣವನ್ನು ಹಾಕುತ್ತಿದ್ದದ್ದು ನಳವೇ ಆಗಿದ್ದರೆ?

ನಾನು ಒಂದೊಂದು ಕಣ ಬಿಡದೆ ತೆಗೆಸಿದೆ.

ಸಾಲೆಯ ಹಳೆಯ ರಸಾಯನಶಾಸ್ತ್ರದ ಪುಸ್ತಕ ಕೆಳಗಿಳಿಸಿದೆ. ಬಣ್ಣದ ಅಧ್ಯಾಯದಲ್ಲಿ ಅರ್ಧ ಸಾಲು ಇದೆ: ಬೇರಿನ ಕೆಂಪಿಗೆ ಸುಣ್ಣದ ಲವಣ ಸಹಾಯಕ. ಎಷ್ಟು ಬಾರಿ ಈ ಪುಟ ಪಾಠ ಮಾಡಿದ್ದೇನೆ! ಅರ್ಧ ಸಾಲೆಂದು ದಾಟಿಸಿಬಿಡುತ್ತಿದ್ದೆ.

ಸೀರೆ ಬದಲಿಸದೆ ಹೊರಡುತ್ತಿದ್ದೇನೆ. ಸುಣ್ಣ ತರುತ್ತೇನೆಂದು ಇವರಿಗೆ ಹೇಳಿದ್ದೇನೆ. ಸುಳ್ಳಲ್ಲ.

ಮೇ ೧

ನಿನ್ನೆ ಅವರ ಮನೆಯಲ್ಲಿ ಯಾರೂ ಇರಲಿಲ್ಲ, ಹುನಗುಂದಕ್ಕೆ ಹೋಗಿದ್ದರಂತೆ. ಬೆಳಕು ಹರಿಯುತ್ತಲೇ ಮತ್ತೆ ಹೋದೆ.

ಸುಭಾನಸಾಬರು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದರು. ಬಾಯಿ ತೊಳೆಯಲೂ ಬಿಡಲಿಲ್ಲ.

"ಬೆಂಕಿ ತಪ್ಪಲ್ರಿ. ಆಕಿ ಕೈ ತಪ್ಪಲ್ಲ. ನೀರು ತಪ್ಪು. ಆ ನೀರು ಹಾಕು ಅಂದಾಕಿ ನಾನು."

"ನೀರು ಛಲೋ ಮಾಡಿಕೊಟ್ರೆಲ್ಲ ಅಕ್ಕೋರ? ಛಲೋ ನೀರಿಗೆ ಬಣ್ಣ ಕೆಡೂದಂದ್ರ ಏನದು?"

"ಒಗಿಯಾಕ ಛಲೋ. ಬ್ಯಾಳಿಗೆ ಛಲೋ. ಈ ಕೆಂಪಿಗಲ್ಲ ಅಂತ ಕಾಣ್ತೈತಿ. ನೋಡಬೇಕು."

ಖುಶನುಮಾ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನಾ ಅವತ್ತ ಕೇಳಿದ್ದೆ. ಬಣ್ಣಕ್ಕೂನ ಅಂತ."

"ಕೇಳಿದ್ದಿ."

"ಅಬ್ಬಾ ನಳದ ನೀರs ಹಾಕ್ತಿದ್ದ ಅಂತನೂ ಅಂದಿದ್ದೆ."

"ಅಂದಿದ್ದಿ."

"ಮತ್ತ ಯಾಕ್ರಿ..." ಓಢಣಿ ಮುಖಕ್ಕೆ ಒತ್ತಿಕೊಂಡಳು. ಒಳಗೆ ಹೋದಳು.

ಅಂಗಳದಲ್ಲಿ ನಿಂತೇ ಇದ್ದೆ. ಕಾಸಿಂಬಿ ಬಂದು ಕುರ್ಚಿ ಹಾಕಿದಳು. "ಕುಂದರ್ರಿ ಅಕ್ಕೋರ. ಆಕಿ ಹಂಗs. ಅತ್ತು ಬರ್ತಾಳ." ಸ್ವಲ್ಪ ಹೊತ್ತಿಗೆ ಒಳಗೆ ಪಾತ್ರೆಗಳ ಸದ್ದು. ಬಂದಳು. ಕೈಯಲ್ಲಿ ಸ್ಟೀಲ್ ಡಬರಿಗಳು, ಒಂದರೊಳಗೊಂದು. ಕಣ್ಣು ಕೆಂಪು.

"ಎಷ್ಟು ಬೇಕು?"

ನಾಲ್ಕು ಎಂದೆ. ಬರೀ ನಳದ ನೀರು, ಬರೀ ಮೆದು ನೀರು, ಮೆದು ನೀರಿಗೆ ತಿಳಿಸುಣ್ಣದ ನೀರು ಒಂದು ಚಮಚ, ಮಳೆನೀರು. ಎರಡನೆಯ ಪಾಲಿನ ನೂಲಿನಿಂದ ಒಂದೊಂದು ಸಣ್ಣ ಲಡಿ. ಬೇರಿನ ಪುಡಿ, ಬೆಂಕಿ, ಹೊತ್ತು ಎಲ್ಲ ಸಮ.

ಅವಳು ಐದನೆಯದನ್ನೂ ಇಟ್ಟಳು.

"ಇದು ಯಾತಕ್ಕ?"

"ಅರ್ಧ ನಳದ್ದು, ಅರ್ಧ ಮೆದು. ನೀವು ಹೇಳಿಲ್ಲ. ನನಗ ನೋಡಬೇಕಾಗೈತಿ."

ನಾನು ಹೇಳದೆ ಇಟ್ಟ ಡಬರಿ! ಎಷ್ಟು ಹಗುರವಾಯಿತು ಎದೆ. ಮತ್ತೆ ತಕ್ಷಣ ಚಡಪಡಿಕೆ. ಸಣ್ಣ ಡಬರಿಗೂ ದೊಡ್ಡ ಹಂಡೆಗೂ ಅಂತರವಿದೆ. ಒದ್ದೆ ಬಣ್ಣ ನಂಬುವಂತಿಲ್ಲ. ಒಣಗಬೇಕು, ಒಗೆಯಬೇಕು, ಮತ್ತೆ ಒಣಗಬೇಕು. ನಾಡಿದ್ದಿನವರೆಗೆ ಏನೂ ತಿಳಿಯದು.

ಸೋಮವಾರ ಮುಜಮ್ಮಿಲ ಬರುತ್ತಾನೆ.

ಮೇ ೩, ಶನಿವಾರ

ಒಣಗಿದ ಐದು ಲಡಿಗಳನ್ನು ಬಿಳಿ ಧೋತರದ ಮೇಲೆ ಹಾಸಿದಳು. ಇವರದೇ ಧೋತರ, ನಾನು ಒಯ್ದಿದ್ದೆ. ಯಾವುದು ಯಾವ ನೀರೆಂದು ತಂದೆಗೆ ಹೇಳಲಿಲ್ಲ.

ಸುಭಾನಸಾಬರು ಕನ್ನಡಕ ಏರಿಸಿ ಬಾಗಿದರು. ಎರಡನ್ನು ಬದಿಗೆ ಸರಿಸಿದರು. "ಇವು ಇಟ್ಟಂಗಿ." ಮೆದು ನೀರಿನದು, ಮಳೆನೀರಿನದು. ಇನ್ನೊಂದನ್ನು ಎತ್ತಿ, "ಇದು ಕೆಂಪೈತಿ, ಸ್ವಲ್ಪ ನೇರಳಿ ಹೊಡೀತೈತಿ." ತಿಳಿಸುಣ್ಣದ್ದು. ಚಮಚ ಹೆಚ್ಚಾಗಿರಬೇಕು. ಮತ್ತೊಂದು, ಬರೀ ನಳದ್ದು — "ಇದು ನಮ್ಮ ಮನಿ ಕೆಂಪು."

ಕೊನೆಯದನ್ನು ಕೈಗೆತ್ತಿಕೊಂಡು ಬಿಸಿಲಿಗೆ ನಡೆದರು. ಹೊರಳಿಸಿದರು. ಬೆನ್ನು ನಮ್ಮ ಕಡೆಗಿತ್ತು.

"ಇದ್ಯಾವದು?"

"ಅದು ನಂದು ಅಬ್ಬಾ," ಎಂದಳು ಖುಶನುಮಾ. "ಅರ್ಧಕ್ಕರ್ಧ."

"ಹುಲ್ಲಪ್ಪಗ ಫೋನ್ ಹಚ್ಚು."

ಹುಲ್ಲಪ್ಪ ಬಂದ. ಲಡಿ ಹಿಡಿದು ಎಳೆದ, ಒದ್ದೆ ಹೆಬ್ಬೆರಳಿನಿಂದ ತಿಕ್ಕಿದ, ಬೆರಳು ನೋಡಿಕೊಂಡ. ಬಣ್ಣ ಬಿಟ್ಟಿರಲಿಲ್ಲ.

"ದಾಳಿಂಬ್ರಿ ಕಾಳು ಆಗೇತಲ್ಲ! ಆದ್ರ ಬೆರಳುದ್ದ ನೂಲು ತೋರಿಸಿದ್ರ ಏನಾತು? ನಾ ಏನು ಗೊಂಬಿಗೆ ಸೀರಿ ನೇಯಲೇನು? ಹಂಡೇದಾಗ ಇದs ಬಣ್ಣ ತಗಿ. ಸೋಮವಾರ ಸಂಜಿಗೆ ಬರ್ತೇನಿ. ಇದs ಬಣ್ಣ ಬಂದ್ರ ಬರೂ ಸಲದ ನೂಲೂ ನಿನಗs. ಇಲ್ಲಂದ್ರ..."

"ಇಲ್ಲಂದ್ರ ಕೆರೂರಾಗ ನಿಮ್ಮ ಮೊಬೈಲಿಗೆ ಪ್ಲಾಸ್ಟಿಕ್ ನಾನs ಹಾಕಿಕೊಡ್ತೇನಿ ಕಾಕಾ. ಬಿಟ್ಟಿ."

ಹುಲ್ಲಪ್ಪ ನಕ್ಕುಬಿಟ್ಟ. ಬಹಳ ದಿನದ ಮೇಲೆ ಆ ಹಿತ್ತಿಲಿನಲ್ಲಿ ನಗು ಕೇಳಿದೆ.

ಆದರೂ ಸೋಮವಾರ. ಒಂದೇ ಹಂಡೆ, ಉಳಿದದ್ದಿಷ್ಟೇ ನೂಲು. ಅರ್ಧಕ್ಕರ್ಧ ಎಂಬುದು ಡಬರಿಯಲ್ಲಿ ಸರಿ. ಹಂಡೆಯಲ್ಲಿ ನೀರು ಹೆಚ್ಚು ಹೊತ್ತು ಕಾಯುತ್ತದೆ, ಕಾದಷ್ಟೂ ಸುಣ್ಣ ತಳಕ್ಕೆ ಕೂರುತ್ತದೆ. ನಳದ ಪಾಲು ಸ್ವಲ್ಪ ಹೆಚ್ಚಿರಬೇಕೆ? ಹೇಳಲೆ? ಹೇಳಿದರೆ ಮತ್ತೆ ನನ್ನ ಮಾತಾಗುತ್ತದೆ. ಹೇಳದಿದ್ದರೆ...

ಮೇ ೪, ರವಿವಾರ. ಸಂಜೆ

ಮನೆಯೊಳಗೆ ಇರಲಾಗಲಿಲ್ಲ. ಓಣಿಯ ಮಕ್ಕಳಿಗೆ ರವಿವಾರ ಮಾಡಿಸುವ ಪ್ರಯೋಗವನ್ನು ಬೇಗ ಮುಗಿಸಿ ಸುಭಾನಸಾಬರ ಮನೆಗೆ ಹೋದೆ.

ಕೇಳುವ ಮೊದಲೇ ಖುಶನುಮಾ ಹೇಳಿದಳು. "ಅಕ್ಕೋರ, ದೊಡ್ಡ ಹಂಡಿ ಕಾಯಾಕ ಹೊತ್ತು ಹಿಡೀತೈತಿ. ಅಷ್ಟೊತ್ತಿಗೆ ನಳದ ನೀರಿನ ಸುಣ್ಣ ತಳಕ ಕುಂದರೂದಿಲ್ಲೇನ್ರಿ? ನೀವs ಕಲಿಸಿದ್ರಿ, ಕುದಿಸಿದ್ರ ಕೂಡತೈತಿ ಅಂತ. ಅದಕ್ಕ ಮೆದು ನೀರಷ್ಟs ಮೊದ್ಲ ಕಾಸತೇನಿ. ನಳದ್ದು ಆಮ್ಯಾಲ, ನೂಲು ಇಳಸೂ ಮುಂದ ಸುರೂತೇನಿ."

ನನ್ನ ಉಪಾಯಕ್ಕಿಂತ ಇದು ಮೇಲು. ಪಾಲು ಬದಲಿಸುವ ಮಾತೇ ಇಲ್ಲ. ಸುರಿಯುವ ಸರದಿ ಬದಲಿಸಿದಳು.

"ಸರಿ ಐತೇನ್ರಿ?"

ಬಾಯಿಗೆ ಬಂದ "ಸರಿ"ಯನ್ನು ತಡೆದೆ. "ನಿನಗ ಏನನಸ್ತೈತಿ?"

ತುಸು ಯೋಚಿಸಿದಳು. "ಸರಿ ಐತಿ."

ನಾವು ಮಾತಾಡುತ್ತಿರುವಾಗಲೇ ಮುಜಮ್ಮಿಲ ಟಂಟಂ ಗಾಡಿ ತಂದು ನಿಲ್ಲಿಸಿದ. ನಾಳೆ ಬೇರೆ ಕಡೆ ಕೆಲಸವಂತೆ, ಇವತ್ತೇ ಒಯ್ಯುತ್ತೇನೆಂದ. ಹಗ್ಗ ಬಿಚ್ಚುತ್ತ ಒಳಗೆ ಬಂದ. ಕಾಸಿಂಬಿ ಗಂಡನ ಮುಖ ನೋಡಿದಳು.

ಸುಭಾನಸಾಬರು ಕೂತಲ್ಲಿಂದ ಏಳಲಿಲ್ಲ. "ಮುಜಮ್ಮಿಲ, ಹಂಡ್ಯಾಗ ನೀರು ತುಂಬೇವಿ."

"ಚೆಲ್ರಿ ಚಾಚಾ. ನೀರಿಗೇನು ಬರ."

"ಇಳಕಲ್ಲಿನ ನಳ ನೋಡಿ ಮಾತಾಡಲೇ. ಚೆಲ್ಲಂತ, ಚೆಲ್ಲು. ನಮ್ಮ ನೀರಂದ್ರ ಹಂಗs ಬರೂ ನೀರೇನು? ಅದರಾಗ ಅರ್ಧ ನೀರು ಸಾಲಿ ಕಲ್ತೈತಿ." ಭುಜ ಸವರಿಕೊಂಡರು. "ಹೋಗು. ಹಂಡೆ ನಂದಲ್ಲ ಈಗ, ನಾಳೆ ಸಂಜೀತನಕರ. ಕೇಳೂದಿದ್ರ ಆಕೀನ್ನ ಕೇಳು."

ಮುಜಮ್ಮಿಲ ಖುಶನುಮಾಳ ಕಡೆ ತಿರುಗಿದ. ಅವಳು ಹಂಡೆಯ ಕಂಠದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನು ಹಗ್ಗ ಸುತ್ತಿಕೊಂಡ.

ಮೇ ೫, ಸೋಮವಾರ. ಬೆಳಿಗ್ಗೆ

ಎದ್ದಾಗ ಇನ್ನೂ ಕತ್ತಲು. ಸ್ನಾನ ಮಾಡಿದೆ. ಚಹಾ ಕುದಿದು ಆರಿತು, ಕುಡಿಯಲಿಲ್ಲ. ಚಪ್ಪಲಿ ಹಾಕಿಕೊಂಡೆ, ತೆಗೆದೆ. ಹೋಗಬೇಕೆ? ಹೋದರೆ ಅವಳು ಪ್ರತಿ ಕ್ಷಣ ನನ್ನ ಮುಖ ನೋಡುತ್ತಾಳೆ. ನನ್ನ ಮುಖ ಯಾವುದನ್ನೂ ಬಚ್ಚಿಡಲಾರದು. ಹೋಗದಿದ್ದರೆ ಇಲ್ಲಿ ನಾನು —

ಇವರು ನಿದ್ದೆಗಣ್ಣಿನಲ್ಲಿ, "ಹೋಗರ ಹೋಗು, ಕುಂದ್ರರ ಕುಂದರು. ಬಾಗಲದಾಗ ನಿಂತ ಪ್ಯಾಸೆಂಜರ್‌ನ ಕಂಡ್ರ ನನಗ ಆಗಿಬರೂದಿಲ್ಲ."

ಕೂತೆ. ಬರೆಯುತ್ತಿದ್ದೇನೆ.

ಫೋನು. ಖುಶನುಮಾ. ಹಿಂದೆ ಕಟ್ಟಿಗೆಯ ಚಟಪಟ, ಗೌತಮನ ಕೆಮ್ಮು.

"ಅಕ್ಕೋರ, ನೀರು ಕಾದಾವ. ಬೇರಿನ ಪುಡಿ ಕೂಡಸೀನಿ. ನಳದ ಕೊಡ ಕೈಯಾಗ ಐತಿ. ನೀವು ಬರೂತನಕ ನಾ ನೂಲು ಇಳಸಾಂಗಿಲ್ಲ."

"ಅಬ್ಬಾ ಎಲ್ಲ್ಯಾರ?"

"ಹೊರಗ ಕಟ್ಟಿ ಮ್ಯಾಲ. ಒಳಗ ಬರೂದಿಲ್ಲಂತ. ನೂಲು ಹೊರಳಸೂ ಕೋಲು ನನ್ನ ಕೈಯಾಗ ಕೊಟ್ಟು ಹೋದ."

"ಬಿಸಿ ಎಷ್ಟೈತಿ?"

ಹೇಳಿದಳು. ಸರಿಯಿತ್ತು. ಸರಿಯೆಂದು ಅವಳಿಗೂ ಗೊತ್ತಿತ್ತು.

"ಮತ್ತ ಯಾತಕ್ಕ ತಡ? ನನ್ನ ಹಾದಿ ಕಾಯಬ್ಯಾಡ. ಸುರಿ ಕೊಡ. ಇಳಸು ನೂಲು. ಶುರು ಮಾಡವ್ವ ಖುಶನು—"

ಹೆಸರು ಮುಗಿಯುವ ಮೊದಲೇ ಫೋನಿನಲ್ಲಿ ಕೊಡದ ನೀರು ಹಂಡೆಗೆ ಸುರಿಯುವ ಸದ್ದು.